ನೋರೀನ್ ಬರೆದ ನಲವತ್ತೊಂದನೇ ಸಲಹೆ

ಬೆಳಗಿನ ಆರೂಕಾಲು. ಪ್ರೆಸ್ಟನ್ ಊರಿನ ಅಂಚಿನಲ್ಲಿರುವ ಖಾಸಗಿ ಡಿಎನ್‌ಎ ಲ್ಯಾಬಿನಲ್ಲಿ ನೋರೀನ್ ಬ್ರಿಂಡಲ್ ಎರಡನೇ ಜೊತೆ ಕೈಗವಸು ತೊಡುತ್ತಿದ್ದಾರೆ. ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಮೈತುಂಬ ಬಿಳಿ ಗೌನು. ಮೇಜನ್ನು ಬ್ಲೀಚಿನಿಂದ ಒಮ್ಮೆ, ಸ್ಪಿರಿಟ್ಟಿನಿಂದ ಇನ್ನೊಮ್ಮೆ ಒರೆಸುತ್ತಾರೆ. ಪೊಲೀಸರು ಕಳಿಸಿದ ಕಂದು ಕಾಗದದ ಚೀಲ ಕತ್ತರಿಸಿ, ಒಳಗಿನ ಅಂಗಿಯನ್ನು ಹಾಸಿ, ಒದ್ದೆ ಹತ್ತಿಕಡ್ಡಿಯಿಂದ ಕಾಲರನ್ನು ನಿಧಾನವಾಗಿ ಉಜ್ಜುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಗಾಜಿನ ಈಚೆ ನಿಂತಿದ್ದೇನೆ. ಒಳಗೆ ಮಾತಿಲ್ಲ. ಎಂಜಲಿನ ಒಂದು ಹನಿ ಹಾರಿದರೂ ಯಾರದೋ ಮೊಕದ್ದಮೆಯೊಳಗೆ ನೋರೀನ್ ಸೇರಿಕೊಂಡುಬಿಟ್ಟಾರು.

"ಒಂಬತ್ತು ಗಂಟೆವರೆಗೂ ಬಾಯಿ ಮುಚ್ಚಿಕೊಂಡಿರೋದು ನನ್ನಂಥವಳಿಗೆ ಶಿಕ್ಷೆನೇ ಕಣಮ್ಮ," ಎನ್ನುತ್ತಾರೆ, ಹೊರಬಂದು ಟೀ ಬಗ್ಗಿಸುತ್ತ. "ಅದಕ್ಕೇ ಈಗ ಬಡ್ಡಿ ಸಮೇತ ಮಾತಾಡ್ತೀನಿ."

ಐವತ್ತೊಂಬತ್ತರ ನೋರೀನ್ ಈ ಲ್ಯಾಬಿನ ಸಹಾಯಕಿ. ದಿನಕ್ಕೆ ಮೂವತ್ತರಿಂದ ನಲವತ್ತು ವಸ್ತುಗಳು ಅವರ ಕೈ ದಾಟಿ ಹೋಗುತ್ತವೆ. ಚಾಕು, ಚಪ್ಪಲಿ, ಹರಿದ ಒಳಉಡುಪು, ಒಮ್ಮೆ ಅರ್ಧ ಕಚ್ಚಿದ ಮಾಂಸದ ಪೈ. ವರದಿಗೆ ಸಹಿ ವಿಜ್ಞಾನಿಗಳದು. ಇಪ್ಪತ್ತೆಂಟು ವರ್ಷದಲ್ಲಿ ಒಂದು ವರದಿಯಲ್ಲೂ ನೋರೀನ್ ಹೆಸರಿಲ್ಲ.

ಇದಕ್ಕೂ ಮೊದಲು ಅವರು ಜೀನ್ಸ್ ಬಟ್ಟೆಗೆ ಬಣ್ಣ ಹಾಕಿ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಹದಿನಾರಕ್ಕೆ ಶಾಲೆ ಬಿಟ್ಟು, ಬಣ್ಣದ ತೊಟ್ಟಿಗಳ ಪಕ್ಕ ಹದಿನಾಲ್ಕು ವರ್ಷ ದುಡಿದರು. ಕಾರ್ಖಾನೆ ಬಾಗಿಲು ಹಾಕಿದ ದಿನ ಅವರ ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಉಳಿದಿತ್ತಂತೆ.

ಎರಡು ವರ್ಷದ ಹಿಂದೆ, ಇಂಥ ಲ್ಯಾಬುಗಳ ಮೇಲೆ ನಿಗಾ ಇಡುವ ಸರ್ಕಾರಿ ಕಚೇರಿಯಿಂದ ಒಂದು ಕರಡು ಹೊರಬಂತು. ಹೊಸ ಡಿಎನ್‌ಎ ಪರೀಕ್ಷಾ ವಿಧಾನವನ್ನು ಮೊಕದ್ದಮೆಗೆ ಬಳಸುವ ಮೊದಲು, ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಲ್ಯಾಬುಗಳು ಹೇಗೆ ರುಜುವಾತು ಮಾಡಬೇಕೆಂಬ ಮಾರ್ಗಸೂಚಿ ಅದು. ಸಾರ್ವಜನಿಕರು ಎಂಟು ವಾರದೊಳಗೆ ಸಲಹೆ, ಆಕ್ಷೇಪಣೆ ಕಳಿಸಬಹುದು ಎಂದಿತ್ತು. ಸೂಚನಾ ಫಲಕದಲ್ಲಿ ಅದನ್ನು ಕಂಡ ನೋರೀನ್ ನೂರಹನ್ನೆರಡು ಪುಟವನ್ನೂ ಮುದ್ರಿಸಿಕೊಂಡು ಮನೆಗೆ ಒಯ್ದರು.

ಗಂಡ ಡೆನ್ನಿಸ್ ಬಸ್ ಚಾಲಕ. "ಪಿಎಚ್‌ಡಿ ಮಾಡಿದೋರು ಬರೆದಿದ್ದಕ್ಕೆ ನೀನ್ಯಾಕೆ ಮೂಗು ತೂರಿಸ್ತೀಯ?" ಎಂದು ಕೆಣಕಿದರು.

"ಅವರ‍್ಯಾರೂ ನೀಲಿ ತೊಟ್ಟಿಗೆ ಕೈ ಅದ್ದಿಲ್ಲವಲ್ಲ," ಎಂದರು ನೋರೀನ್.

ಕರಡಿನಲ್ಲಿ ಅವರಿಗೆ ಮುಳ್ಳಿನಂತೆ ಚುಚ್ಚಿದ್ದು ಒಂದೇ ಸಂಗತಿ. ವಿಧಾನವನ್ನು ಶುಭ್ರ ಬಿಳಿ ಹತ್ತಿಬಟ್ಟೆಯ ಮೇಲಿನ ತಾಜಾ ರಕ್ತದಿಂದ ಪರೀಕ್ಷಿಸಿದರೆ ಸಾಕು ಎಂದಿತ್ತು. ಆದರೆ ಬಟ್ಟೆಯ ಬಣ್ಣ ಡಿಎನ್‌ಎ ಜೊತೆಗೇ ಹತ್ತಿಕಡ್ಡಿಗೆ ಅಂಟಿ ಬರುತ್ತದೆ. ಜೀನ್ಸಿನ ನೀಲಿಯಂತೂ ಪರೀಕ್ಷೆಯನ್ನೇ ತಡೆದು ನಿಲ್ಲಿಸಬಲ್ಲದು. ಆಗ ಯಂತ್ರ ಏನನ್ನೂ ತೋರಿಸುವುದಿಲ್ಲ. ವರದಿಯಲ್ಲಿ 'ಡಿಎನ್‌ಎ ಸಿಗಲಿಲ್ಲ' ಎಂದು ಬರುತ್ತದೆ.

"ಯಾರು ಬಿಳಿ ಬಟ್ಟೆ ಉಟ್ಕೊಂಡು ಹೊಡೆತ ತಿನ್ನೋಕೆ ಹೋಗ್ತಾರೆ ಹೇಳಿ?" ಎಂದು ಕೇಳುವ ನೋರೀನ್ ದನಿ ಇಲ್ಲಿ ತಗ್ಗುತ್ತದೆ. ಹಿಂದೊಮ್ಮೆ ಬೇರೊಂದು ಊರಿನ ಮೊಕದ್ದಮೆಯ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ಒಬ್ಬಾತ ತನ್ನ ಜೀನ್ಸಿನ ಸೊಂಟಪಟ್ಟಿ ಹಿಡಿದು ಎಳೆದನೆಂದು ಹುಡುಗಿಯೊಬ್ಬಳು ದೂರಿದ್ದಳು. ಡಿಎನ್‌ಎ ಸಿಗಲಿಲ್ಲ ಎಂಬ ಸಾಲನ್ನೇ ಹಿಡಿದು ವಕೀಲ ಅವಳನ್ನು ಸುಳ್ಳಿ ಎಂದ. ಆರೋಪಿ ಬಿಡುಗಡೆಯಾದ. "ನೀಲಿನೇ ಕಾರಣ ಅಂತ ನನಗೆ ಗೊತ್ತಿಲ್ಲ. ಇರಲಿಕ್ಕಿಲ್ಲ. ಆದರೆ ಯಾರಾದ್ರೂ ಕೇಳಬೇಕಿತ್ತಲ್ಲ? ಸಿಗಲಿಲ್ಲ ಅಂದ್ರೆ ಇರಲೇ ಇಲ್ಲ ಅಂತ ಅಲ್ಲ."

ಲ್ಯಾಬಿನ ಮುಖ್ಯಸ್ಥೆ ಫಿಲಿಪ್ಪಾ ಆಸ್ಪಿನಾಲ್ ಬಳಿ ಹೋದಾಗ, ಕರಡಿಗೆ ಲ್ಯಾಬಿನ ಪರವಾದ ಉತ್ತರ ಆಗಲೇ ಹೋಗಿಯಾಗಿತ್ತು. "ಬೇಕಿದ್ರೆ ನಿಮ್ಮ ಸ್ವಂತ ಹೆಸರಲ್ಲಿ ಕಳಿಸಿ ನೋರೀನ್," ಎಂದರು ಅವರು. ನೋರೀನ್‌ಗೆ ಬೇಜಾರಾಯಿತು, ಆದರೆ ಅವರು ಬಿಡಲಿಲ್ಲ. ಮೂರು ಭಾನುವಾರ ಅಡುಗೆಮನೆಯ ಮೇಜಿನಲ್ಲಿ ಕೂತು, ಬರೆದು, ಹರಿದು, ಮತ್ತೆ ಬರೆದರು. ನಾಲ್ಕು ಪುಟವನ್ನು ಡೆನ್ನಿಸ್ಸೇ ಟೈಪ್ ಮಾಡಿಕೊಟ್ಟರು, ಕಾಗುಣಿತ ತಿದ್ದುತ್ತ, ಗೊಣಗುತ್ತ.

ಏಳು ತಿಂಗಳು ಸುದ್ದಿಯಿಲ್ಲ. ಆಮೇಲೊಂದು ಮಧ್ಯಾಹ್ನ ಫಿಲಿಪ್ಪಾ ಟೀ ಕೋಣೆಗೆ ಬಂದು ಕಾಗದವೊಂದನ್ನು ಮೇಜಿನ ಮೇಲಿಟ್ಟರು. ಬಂದ ಅರವತ್ಮೂರು ಸಲಹೆಗಳ ಪಟ್ಟಿ ಅದು. ನಲವತ್ತೊಂದರ ಎದುರು 'ಪೂರ್ಣ ಒಪ್ಪಿಗೆ' ಎಂದಿತ್ತು. ಬಣ್ಣದ, ಮಣ್ಣಾದ, ಒದ್ದೆಯಾದ ಬಟ್ಟೆಗಳ ಮೇಲೂ ವಿಧಾನವನ್ನು ಪರೀಕ್ಷಿಸಬೇಕು. 'ಸಿಗಲಿಲ್ಲ' ಮತ್ತು 'ಪರೀಕ್ಷೆ ನಡೆಯಲಿಲ್ಲ' ಇವೆರಡನ್ನೂ ವರದಿಯಲ್ಲಿ ಬೇರೆ ಬೇರೆ ಬರೆಯಬೇಕು ಎಂದು ಅಂತಿಮ ಮಾರ್ಗಸೂಚಿ ಹೇಳಿತು.

"ನಮ್ಮ ಆರು ವಾರ ತಿಂದ್ರಲ್ಲ," ಎಂದರಂತೆ ಫಿಲಿಪ್ಪಾ. ಅವರ ಲ್ಯಾಬೂ ತನ್ನ ಹೊಸ ವಿಧಾನವನ್ನು ಮೊದಲಿಂದ ಪರೀಕ್ಷಿಸಬೇಕಾಯಿತು.

"ಜೀನ್ಸ್ ನಾನು ತರ್ತೀನಿ ಬಿಡಿ," ಎಂದರು ನೋರೀನ್.

ಹಳೆ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ ಮೂವತ್ತು ಜೀನ್ಸ್ ತಂದರು. ಸಹೋದ್ಯೋಗಿಗಳು ಬೆರಳು ಚುಚ್ಚಿಕೊಂಡು ರಕ್ತ ಕೊಟ್ಟರು. ಹನ್ನೊಂದು ಬಟ್ಟೆಗಳಲ್ಲಿ, ಕಣ್ಣೆದುರೇ ಕಲೆಯಿದ್ದರೂ, ಯಂತ್ರ ಮೂಕವಾಯಿತು. ಬಣ್ಣ ಕಳೆಯುವ ಇನ್ನೊಂದು ಸುತ್ತು ಸೇರಿಸಿದಾಗ ಆ ಹನ್ನೊಂದರಲ್ಲಿ ಒಂಬತ್ತರ ಫಲಿತಾಂಶ ಬಂತು.

"ನಾನು ಓದಿದ ಪುಸ್ತಕದಲ್ಲೂ ಇದು ಇತ್ತು," ಎಂದು ಫಿಲಿಪ್ಪಾ ನನ್ನೆದುರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. "ನಮಗೆ ಗೊತ್ತಿತ್ತು, ಆದರೆ ಯಾರೂ ಬರೀಲಿಲ್ಲ. ನೋರೀನ್ ಬರೆದ್ರು." ಈಗ ಹೊಸದಾಗಿ ಸೇರುವ ಪ್ರತಿ ವಿಜ್ಞಾನಿಯೂ ಮೊದಲ ವಾರ ನೋರೀನ್ ಪಕ್ಕ ಕೂತು ಬಟ್ಟೆ ಉಜ್ಜುವುದನ್ನು ಕಲಿಯಬೇಕು.

ಪಟ್ಟಿಯಲ್ಲಿ ಅವರ ಹೆಸರಿಲ್ಲ, 'ಒಬ್ಬ ವ್ಯಕ್ತಿ' ಎಂದಷ್ಟೇ ಇದೆ. ಬೇಸರವೇ ಎಂದು ಕೇಳುತ್ತೇನೆ.

"ಹೆಸರು ಇಲ್ದಿದ್ರೆ ಪರವಾಗಿಲ್ಲ. ಲ್ಯಾಬ್ ಸಹಾಯಕಿ ಅಂತ ಹಾಕಬೇಕಿತ್ತು. ಹಾಗೆ ಹಾಕಿದ್ರೆ ಇನ್ಯಾವುದೋ ಊರಲ್ಲಿ ನನ್ನಂಥವಳೊಬ್ಬಳು ಅದನ್ನ ಓದಿ, ನಾನೂ ಬರೀಬಹುದಲ್ಲ ಅಂತ ಪೆನ್ನು ಹುಡುಕ್ತಿದ್ದಳು."