ಚಿತ್ರದ ಹುಡುಗಿಗೆ ಹಚ್ಚಿದ ವಿಭೂತಿ

ಇವತ್ತು ಬಳ್ಳಾರಿಯ ಹಳೇ ಪುಸ್ತಕದಂಗಡಿಯಲ್ಲಿ ರಾಶಿಯ ಅಡಿಯಿಂದ ಒಂದು ರಕ್ಕಸನ ಮುಖ ಇಣುಕಿತು. ಹಸಿರು ಚರ್ಮ, ಒಂದೇ ಕಣ್ಣು. ನೋಡಿದ ಕೂಡಲೇ ಗುರುತು ಸಿಕ್ಕಿತು.

ಯುರೋಪಿನ ಯಾವುದೋ ದೇಶದ ಕಾಮಿಕ್ಸ್ ಅದು, ಕನ್ನಡಕ್ಕೆ ಬಂದಿತ್ತು. ನಾನು ಚಿಕ್ಕವಳಿದ್ದಾಗ ಅಂಥ ಪುಸ್ತಕ ಕಂಡರೆ ಅಪ್ಪನಿಗೆ ಒಲೆಗೆ ಹಾಕುವಷ್ಟು ಸಿಟ್ಟು. ಬೇಸಿಗೆಯ ಒಂದು ಮಧ್ಯಾಹ್ನ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿ ಎಲ್ಲರೂ ಮಲಗಿದ ಮೇಲೆ, ಬಾಗಿಲ ಸಂದಿಯ ಬೆಳಕಿನಲ್ಲಿ ಅದನ್ನು ಕದ್ದು ಓದುತ್ತಿದ್ದೆ. ಮೆಟ್ಟಿಲ ಕೆಳಗೆ ಚಿನ್ನದ ಕೂದಲಿನ ಹುಡುಗಿ ಅಡಗಿದ್ದಾಳೆ. ರಕ್ಕಸ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಆ ಪುಟದ ಕೊನೆಯ ಚಿತ್ರದಲ್ಲಿ ಅವನ ಉಗುರು ಅವಳ ಕೂದಲಿಗೆ ತಾಗಿದೆ. ಪುಟ ತಿರುವಲು ಕೈ ಬರಲಿಲ್ಲ.

“ಯಾಕವ್ವಾ, ಹಿಂಗ್ಯಾಕ ನಡಗಾಕತ್ತಿ?” ಅಜ್ಜಿ ಎದ್ದು ಬಂದಳು. ಬೆಚ್ಚಿದ ಮಕ್ಕಳಿಗೆ ವಿಭೂತಿ ಹಚ್ಚುವುದು ಅವಳ ರೂಢಿ. ನನ್ನ ಹಣೆಗೆ ಎಳೆದು, ಆಮೇಲೆ ಚಿತ್ರ ನೋಡಿದಳು. “ಈ ಕೂಸು ಯಾರದು?”

“ಆಕಿ ಫಾರಿನ್ನಾಕಿ, ಅಜ್ಜಿ.”

“ಎಲ್ಲ್ಯಾಕಿ ಆದ್ರೇನು? ನಿನ್ನಂಗ ಆಕೀನೂ ಬೆಚ್ಚಿಬಿದ್ದಾಳ.” ಕಿರುಬೆರಳಿನಿಂದ ಆ ಹುಡುಗಿಯ ಪುಟ್ಟ ಹಣೆಗೂ ವಿಭೂತಿ ಎಳೆದಳು. “ಈಗ ತಿರುವು.”

ತಿರುವಿದೆ. ಹುಡುಗಿ ಬಾಗಿಲು ದಾಟಿ ಬಿಸಿಲಿಗೆ ಓಡಿಬಿಟ್ಟಿದ್ದಳು. ಅಜ್ಜಿ ಏನೂ ಆಗೇ ಇಲ್ಲವೆಂಬಂತೆ ಹೋಗಿ ಮಲಗಿದಳು.

ಇವತ್ತು ಅಂಗಡಿಯಲ್ಲಿ ನಿಂತೇ ಅದೇ ಪುಟ ತೆರೆದೆ. ಇದು ಬೇರೆ ಯಾರದೋ ಪ್ರತಿ. ಉಗುರು ಕೂದಲಿಗೆ ತಾಗಿಯೇ ಇತ್ತು. ಹುಡುಗಿಯ ಹಣೆಯ ಮೇಲೆ ಮಾತ್ರ ಏನೂ ಇರಲಿಲ್ಲ.

ಮುಂದಿನ ಪುಟ ತಿರುವಲು ನನಗೆ ಧೈರ್ಯ ಬರಲಿಲ್ಲ.