ಮೊಮ್ಮಗಳ ಚಿತ್ರಕ್ಕಾಗಿ ನಿಂತ ಗಿರಣಿ

ನನ್ನ ಮೊಮ್ಮಗಳ ಚಿತ್ರ ಬಂತು! ಅಲೆಯಿಲ್ಲ, ಗೆರೆಯಿಲ್ಲ. ನಮ್ಮ ಖಾನಾಪುರದ ಕುಂಬಾರ ಮಣ್ಣಿನ ಕಣ್ಣಿಗೆ ಕಾಣದ ಕಣ, ಹಾಳೆ ಹಾಳೆಯಾಗಿ ಎದ್ದು ಕಾಣುವಂಥ ಚಿತ್ರ. ಪ್ರಬಂಧದ ಮೊದಲ ಪುಟಕ್ಕೆ ಇದನ್ನೇ ಹಾಕು ಎಂದರಂತೆ ಅವಳ ಮಾಸ್ತರರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆ ಚಿತ್ರವನ್ನು ಫೋನಿನಲ್ಲಿ ತುಂಬಿಸಿಕೊಂಡು ಬಸ್ಸಿನ ಕಂಡಕ್ಟರನಿಗೂ ತೋರಿಸಿದೆ. ಆದರೆ ತೋರಿಸಿದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದೇ ಚಿತ್ರಕ್ಕಾಗಿ ಆ ದಿನ ನಾನೊಬ್ಬ ಹೆಣ್ಣುಮಗಳಿಗೆ ಸುಳ್ಳು ಹೇಳಿದ್ದೆ.

ಬೆಳಗಾವಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಹಿಂದಿನ ಗೋಡೆ ದಾಟಿದರೆ ಮೊಮ್ಮಗಳ ಕಾಲೇಜು. ಬೆಳಿಗ್ಗೆ ಖಾನಾಪುರದಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ. ಅವಳು ಪ್ರಯೋಗಶಾಲೆಗೆ, ನಾನು ಗಿರಣಿಗೆ. ಅಲ್ಲಿ ಅವಳ ಕೈಗೆ ಎಎಫ್‌ಎಂ ಎಂಬ ಯಂತ್ರ ಕೊಟ್ಟಿದ್ದಾರೆ. ಸೂಕ್ಷ್ಮದರ್ಶಕವೇ, ಆದರೆ ಕಣ್ಣಿಟ್ಟು ನೋಡುವುದಲ್ಲ, ತಡವಿ ನೋಡುವುದು. ಕೂದಲಿಗಿಂತ ತೆಳುವಾದ ಹಲಗೆ, ಅದರ ತುದಿಗೊಂದು ಸೂಜಿ. ಹಲಗೆಯ ಬೆನ್ನಿಗೆ ಬೆಳಕಿನ ಚುಕ್ಕಿ ಬಿಡಬೇಕು, ಅದು ಪುಟಿದು ಎದುರಿನ ಫಲಕದ ನಟ್ಟನಡುವೆ ಬೀಳಬೇಕು. ಹಲಗೆ ಯಾವ ವೇಗಕ್ಕೆ ಚೆನ್ನಾಗಿ ಕುಣಿಯುತ್ತದೆಂದು ಹುಡುಕಿ, ಹಾಗೆಯೇ ಕುಣಿಸುತ್ತ ಸೂಜಿಯನ್ನು ಮಣ್ಣಿನ ಹತ್ತಿರ ಇಳಿಸಬೇಕು. ಒತ್ತಿದರೆ ಮೊಂಡಾಗುತ್ತದೆ, ಸಡಿಲ ಬಿಟ್ಟರೆ ಮೇಲೆಯೇ ತೇಲಿಹೋಗುತ್ತದೆ. ಇದನ್ನೆಲ್ಲ ಅವಳು ಬಸ್ಸಿನಲ್ಲಿ ಕೂತು ಕೂತು ನನ್ನ ತಲೆಗೆ ಹತ್ತಿಸಿದ್ದಳು.

ಎಲ್ಲ ಸರಿ ಮಾಡಿದರೂ ಚಿತ್ರದ ತುಂಬ ಅಲೆ ಅಲೆ. ಸೂಜಿ ಬದಲಿಸಿದಳು, ಬೆಳಕು ಮತ್ತೆ ಕೂಡಿಸಿದಳು, ಫ್ಯಾನು ಆರಿಸಿದಳು. ಒಂದು ಬೆಳಿಗ್ಗೆ ನಾನು ಚಹಾಕ್ಕೆಂದು ಗಿರಣಿ ನಿಲ್ಲಿಸಿದಾಗ ಅಲೆ ಮಾಯವಾಯಿತಂತೆ.

“ಅಜ್ಜಾ, ನಿನ್ನ ಗಿರಣಿ ನನ್ನ ಸೂಜಿ ಅಲ್ಲಾಡಸಾಕತ್ತೈತಿ,” ಎಂದಳು ಸಂಜೆ.

“ನಡುವ ಗ್ವಾಡಿ ಐತಲ್ಲವಾ!”

“ನೆಲಾನ ನಡಗತೈತಿ, ಗ್ವಾಡಿ ಏನ ಮಾಡೀತು? ನಾಳೆ ನನ್ನ ಕಡೇ ಪಾಳಿ. ಆಮ್ಯಾಲೆ ಯಂತ್ರ ಬ್ಯಾರೇದವರಿಗೆ ಹೋಗತೈತಿ. ಮುಂಜಾನಿ ಎರಡ ತಾಸ ಬಂದ್ ಮಾಡ್ತಿ?”

“ಎರಡ್ಯಾಕ, ದಿನಪೂರ್ತಿ ಬಂದ್ ಇಡ್ತೀನಿ ತಗೋ.”

ಮರುದಿನ ಬಾಗಿಲು ಅರ್ಧ ಎಳೆದು ಕೂತೆ. ಅದನ್ನು ನೋಡಿಯೇ ಕೆಲವರು ಹೊರಳಿ ಹೋದರು. ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಹೆಣ್ಣುಮಗಳು ಮಾತ್ರ ಬಗ್ಗಿ ಒಳಗೇ ಬಂದಳು.

“ಲಗೂ ಹಾಕು ಕಾಕಾ. ಮಧ್ಯಾಹ್ನದ ಊಟಕ್ಕ ರೊಟ್ಟಿ ಮುಟ್ಟಬೇಕ,” ಎಂದು ಜೋಳದ ಡಬ್ಬಿ ಇಳಿಸಿದಳು.

ಖರೇ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಿರಣಿ ಕಾಲೇಜನ್ನೇ ನಡುಗಿಸುತ್ತದೆಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಕಾಲೇಜಿನವರು ಗಿರಣಿ ಇಲ್ಲಿಂದ ಎತ್ತು ಅಂದುಬಿಟ್ಟರೆ? ಆ ಅಂಜಿಕೆಗೆ, “ಪಟ್ಟಾ ಹರದೈತಿ ತಂಗಿ,” ಎಂದುಬಿಟ್ಟೆ. ಮೋಟಾರಿನಿಂದ ಕಲ್ಲಿಗೆ ಓಡುವ ಪಟ್ಟಾ, ಅದಿಲ್ಲದೆ ಗಿರಣಿ ಇಲ್ಲ.

“ಅಯ್ಯ ಪಾಪ! ಈ ವಯಸ್ಸಿನಾಗ ಒಬ್ಬನ ಏನ ಮಾಡ್ತಿ ನೀ?” ಎಂದವಳೇ ಡಬ್ಬಿ ಅಲ್ಲೇ ಬಿಟ್ಟು ಹೊರಟಳು. ಎಲ್ಲಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ತಾಸಿನ ಮೇಲಾಗಿತ್ತು. ಬಾಗಿಲ ಮುಂದೆ ಆಟೋ ನಿಂತಿತು. ಇಳಿದವಳು ಅವಳೇ, ಜೊತೆಗೆ ಹೆಗಲಿಗೆ ಹೊಸ ಪಟ್ಟಾ ಹಾಕಿಕೊಂಡ, ಗಿರಣಿ ರಿಪೇರಿಯ ಮಿಸ್ತ್ರಿ. ನನಗಾಗಿ ಪೇಟೆಯೆಲ್ಲ ತಿರುಗಿ ಅವನನ್ನು ಹಿಡಿದು ತಂದಿದ್ದಳು. ಮಿಸ್ತ್ರಿ ಒಳಗೆ ಹೋಗಿ ಪಟ್ಟಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕ.

“ಅಕ್ಕಾರ, ಇದು ಇನ್ನೂ ಗಟ್ಟಿಮುಟ್ಟ ಐತ್ರಿ.”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ.

“ಪಟ್ಟಾ ನೆಟ್ಟಗ ಐತಿ ಕಾಕಾ, ನಿನ್ನ ಮಾತ ಹರದೈತಿ,” ಎಂದಳು. “ಖರೇ ಹೇಳಿದ್ರ ಬ್ಯಾರೇ ಗಿರಣಿಗಾದ್ರೂ ಹೋಗತಿದ್ನಿ. ನಿನ್ನ ಸಲುವಾಗಿ ಊರೆಲ್ಲಾ ಅಲದನಲ್ಲೋ!”

ನನ್ನ ಕೈ ತಾನಾಗಿ ಗಿರಣಿಯ ಬಟನ್ನಿಗೆ ಹೋಯಿತು.

“ಹುಡುಗೀದು ಮುಗದೈತೇನು?” ಎಂದು ತಡೆದಳು.

“ಇನ್ನೂ ಫೋನ ಬಂದಿಲ್ಲ.”

“ಮತ್ತ ಕೈ ತಗಿ. ನಂದಂತೂ ಹೊತ್ತ ಹೋತು. ಅಕೀದಾದ್ರೂ ಆಗಲಿ.”

ಮಿಸ್ತ್ರಿ ಹೊರಟುಹೋದ. ಅವಳು ಖಾಲಿ ಚೀಲದ ಮೇಲೆ ಕೂತಳು, ನಾನು ನಿಂತೇ ಇದ್ದೆ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಕಡೆಗೂ ಫೋನು ಬಂತು. “ಅಜ್ಜಾ, ಬಂತು! ಒಂದ ಅಲೀನೂ ಇಲ್ಲ!” ಕಣ್ಣಲ್ಲಿ ನೀರು ಬಂದದ್ದು ಯಾವುದಕ್ಕೆಂದು ನನಗೇ ತಿಳಿಯಲಿಲ್ಲ. ಮೊದಲು ಅವಳ ಜೋಳ ಬೀಸಿ, ಡಬ್ಬಿಯನ್ನು ನಾನೇ ಹೊತ್ತು ಮನೆಗೆ ಮುಟ್ಟಿಸಿದೆ. ಆದರೂ ಅವಳ ರೊಟ್ಟಿ ಹೋಗುವಷ್ಟರಲ್ಲಿ ಖಾನಾವಳಿಯವರು ಬೇರೆ ಕಡೆ ತರಿಸಿಬಿಟ್ಟಿದ್ದರು. ಬುಟ್ಟಿ ಹಾಗೇ ಮರಳಿ ಬಂತೆಂದು ಗೊತ್ತಾದಾಗ ಹೋಗಿ ಎಲ್ಲ ರೊಟ್ಟಿ ನಾನೇ ತೆಗೆದುಕೊಂಡೆ. ಹೆಚ್ಚಿಗೆ ಕೊಡಹೋದ ದುಡ್ಡನ್ನು ಮುಟ್ಟಲೂ ಇಲ್ಲ ಅವಳು.

ಸಂಜೆ ಖಾನಾಪುರದ ಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತಾಗ ಸೊಸೆ ರೊಟ್ಟಿಯ ಗಂಟು ಬಿಚ್ಚಿ ಬೆರಗಾದಳು. “ಏನ್ರೀ ಮಾವಾರ, ಮಗಳ ಚಿತ್ರ ಬಂತಂತ ಓಣಿಗೆಲ್ಲಾ ಊಟಾ ಹಾಕಾವ್ರೇನು?”

ಎಲ್ಲರೂ ನಕ್ಕರು. ನಾನು ನಡೆದದ್ದನ್ನು ಹೇಳಿದೆ. ಮೊಮ್ಮಗಳು ತುತ್ತು ಕೈಯಲ್ಲೇ ಹಿಡಿದು ಕೂತಳು.

“ಗಿರಣಿ ಬಂದ್ ಮಾಡಂದಿದ್ನಿ ಅಜ್ಜಾ, ಸುಳ್ಳ ಹೇಳಂದಿದ್ದಿಲ್ಲ,” ಎಂದಳು. ತುತ್ತನ್ನು ತಾಟಿಗಿಟ್ಟು, “ನಾಳೆ ಇಬ್ಬರೂ ಅವರ ಮನಿಗೆ ಹೋಗೂಣು. ಚಿತ್ರ ಅವರಿಗೂ ತೋರಸಬೇಕು,” ಎಂದಳು.

ಹೂಂ ಅಂದೆ. ಅವಳು ನನ್ನ ತಾಟಿಗೆ ಕಡಲೆಹಿಟ್ಟಿನ ಝುಣಕ ಬಡಿಸಿದಳು. ಮಗ ಇನ್ನೊಂದು ರೊಟ್ಟಿ ಕೇಳಿದ, ಸೊಸೆ ಎರಡು ಹಾಕಿದಳು. ನಾನೂ ಒಂದು ಚೂರು ಮುರಿದೆ. ರೊಟ್ಟಿ ಇನ್ನೂ ಮೆತ್ತಗಿತ್ತು.