ವಸಂತಣ್ಣನ ಬೆಸುಗೆ

ತನ್ನ ಊಟ ತಣ್ಣಗಾದರೂ ವಸಂತಣ್ಣನಿಗೆ ಚಿಂತೆಯಿಲ್ಲ, ವೆಲ್ಡಿಂಗ್ ರಾಡು ಮಾತ್ರ ತಣ್ಣಗಾಗಬಾರದು. ಹೊಸನಗರದ ನಮ್ಮ ವರ್ಕ್‌ಶಾಪಿನಲ್ಲಿ ಹಳೇ ಡ್ರಮ್ಮಿಗೆ ಕರೆಂಟಿನ ಕಾಯಿಲ್ ಕೂರಿಸಿ ಒಲೆ ಮಾಡಿಕೊಂಡಿದ್ದ. ರಾಡುಗಳನ್ನು ಅದರಲ್ಲಿ ಬಿಸಿ ಮಾಡಿಯೇ ಮುಟ್ಟಬೇಕು. ಕ್ರೋಮಿಯಂ ಸೇರಿಸಿದ ಬೆರಕೆ ಉಕ್ಕಾದರೆ ಅದನ್ನೂ ಬಿಸಿ ಮಾಡಿ ಬೆಸೆಯಬೇಕು, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು, ಎರಡು ದಿನ ಬಿಟ್ಟು ಬಿರುಕು ನೋಡಿಯೇ ಕೊಡಬೇಕು. ಗಿರಾಕಿಗಳು ಬೈದುಕೊಂಡು ಸಾಗರದ ವರ್ಕ್‌ಶಾಪುಗಳಿಗೆ ಹೋಗುತ್ತಿದ್ದರು. ಪಾಲುದಾರನಾದ ನನಗೆ ಹೊಟ್ಟೆ ಉರಿಯುತ್ತಿತ್ತು.

“ರಾಡು ಥಂಡಿ ಹಿಡಿದು ನೀರು ಎಳ್ಕಂಡ್ರೆ ಆ ನೀರಿನ ಹೈಡ್ರೋಜನ್ ಕಬ್ಬಿಣದೊಳಗೆ ಹೋಗ್ತದೆ ಮಾರಾಯ,” ಅನ್ನುತ್ತಿದ್ದ. “ಸಾದಾ ಕಬ್ಬಿಣ ಹೆಂಗೋ ತಡ್ಕಂತದೆ, ಅದು ಹೊರಗೆ ಹೋಗೋವರೆಗೆ. ಕ್ರೋಮಿಯಂ ಬೆರೆಸಿದ್ದು ಹಂಗಲ್ಲ. ಬೆಸುಗೆ ಪಕ್ಕ ಕಲ್ಲಾಗ್ತದೆ, ಹೈಡ್ರೋಜನ್ನ ಒಳಗೇ ಇಟ್ಕಂತದೆ. ಇವತ್ತು ನೋಡಿದ್ರೆ ಚೊಕ್ಕ, ನಾಡಿದ್ದು ಸೀಳಿರ್ತದೆ.”

ಒಂದು ಆಷಾಢದಲ್ಲಿ ಅವನು ತೀರ್ಥಹಳ್ಳಿಗೆ, ತಂಗಿಯ ಮನೆಗೆ ಹೋಗಿದ್ದ. ನಿಟ್ಟೂರಿನವರೊಬ್ಬರು ಟ್ರೈಲರಿನ ಮುರಿದ ಕೊಂಡಿ ಬೆಸೆಯಲು ಕೊಟ್ಟು, ನಾಲ್ಕು ದಿನ ಬಿಟ್ಟು ಬರುತ್ತೇವೆ ಅಂದರು. ಬೆರಕೆ ಉಕ್ಕಿನದು. ಮೂರು ದಿನ ನಾನು ಕ್ರಿಕೆಟ್ ನೋಡುತ್ತ ಕೂತೆ. ಥೂ ನನ್ನ ಜನ್ಮಕ್ಕೆ. ಅವರು ಬರುವ ದಿನ ಬೆಳಿಗ್ಗೆ ಒಲೆಯನ್ನೂ ಹಚ್ಚದೆ, ಕಿಟಕಿಯಲ್ಲಿ ಬಿಚ್ಚಿಟ್ಟಿದ್ದ ಪ್ಯಾಕೆಟ್ಟಿನ ರಾಡು ತೆಗೆದು ಬೆಸೆದೆ, ನೀರಲ್ಲಿ ಅದ್ದಿ ಆರಿಸಿ ಕೊಟ್ಟೆ.

ಮಾರನೆಯ ದಿನ ನಿಟ್ಟೂರಿನ ಏರಿನಲ್ಲಿ ಕೊಂಡಿ ಮುರಿದು ಟ್ರೈಲರ್ ಹಿಂದಕ್ಕೆ ಉರುಳಿತು. ಹಿಂದೆ ಇಳಿದು ನಡೆಯುತ್ತಿದ್ದ ಆಳಿನ ಕಾಲು ಚಕ್ರದಡಿ ಸಿಕ್ಕಿ ಜಜ್ಜಿಹೋಯಿತು.

ಸುದ್ದಿ ಕೇಳಿ ವಸಂತಣ್ಣ ತೀರ್ಥಹಳ್ಳಿಯಿಂದ ಓಡಿ ಬಂದ. “ರಾಡು ಬಿಸಿ ಮಾಡಿದ್ಯನಾ?”

“ಮಾಡಿದ್ದೆ.”

“ಬೂದಿ?”

“ಹಾಕಿದ್ದೆ.”

“ಎರಡು ದಿನ ಬಿಟ್ಟಿದ್ಯಾ?”

“ಹೌದು ವಸಂತಣ್ಣ.”

ಅವನು ಒಂದು ಗಳಿಗೆಯೂ ಅನುಮಾನಪಡಲಿಲ್ಲ. “ಹಂಗಾದ್ರೆ ನಾನು ಹೇಳ್ಕೊಟ್ಟಿದ್ದೇ ತಪ್ಪು,” ಅಂದ. ಆ ಆಳಿನ ಮನೆಗೆ ಹೋಗಿ ಕೈಮುಗಿದು ಬಂದ. ಆಮೇಲೆ ಅವನು ವೆಲ್ಡಿಂಗ್ ಮಾಡಲೇ ಇಲ್ಲ. ತಂಗಿಯ ಮನೆ ಸೇರಿಕೊಂಡ. ನಿಜ ಹೇಳಲು ನಾನು ಎಷ್ಟೋ ಸಲ ತೀರ್ಥಹಳ್ಳಿ ಬಸ್ಸು ಹತ್ತಿದ್ದೇನೆ, ಅರ್ಧ ದಾರಿಯಲ್ಲಿ ಇಳಿದಿದ್ದೇನೆ.

ಕೊನೆಗೆ ಹೋದಾಗ ಅವನು ಹಾಸಿಗೆ ಹಿಡಿದಿದ್ದ. “ಎಲ್ಲಿ ತಪ್ಪಿದ್ದು ಅಂತ ಈಗ್ಲೂ ಯೋಚ್ನೆ ಮಾಡ್ತೀನಿ ಕಣಾ,” ಅಂದ. “ನಿಂಗೇನಾದ್ರೂ ಗೊತ್ತಾಯ್ತಾ?”

“ಇಲ್ಲ ವಸಂತಣ್ಣ.”

“ಗೊತ್ತಾದ್ರೆ ಬಂದು ಹೇಳು.”

ಹೂಂ ಅಂದೆ. ಹದಿನೈದು ದಿನಕ್ಕೆ ಅವನು ತೀರಿಕೊಂಡ.